ತಾಮ್ರದ ಒಡವೆ: ಕೊಂಡವರು, ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ತಾಮ್ರದ ಕಡಗ, ಓಲೆ, ಉಂಗುರ, ಪದಕಗಳನ್ನು ಕೈಯಿಂದಲೇ ಮಾಡುತ್ತೇನೆ, ಆಸಕ್ತಿ ಇರುವವರಿಗೆ ಕಲಿಸುತ್ತೇನೆ. ಕೊಂಡುಹೋದವರು ಫೋನಿನಲ್ಲಿ ಕೇಳುವ ಪ್ರಶ್ನೆಗಳನ್ನೂ ಕಲಿಯಲು ಬಂದವರು ಕೆಲಸದ ನಡುವೆ ಕೇಳುವ ಪ್ರಶ್ನೆಗಳನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಮೊದಲ ಭಾಗ ತೊಡುವವರಿಗೆ, ಆಮೇಲಿನದು ಮಾಡುವವರಿಗೆ. ತೊಡುವವರೂ ಎರಡನೆಯ ಭಾಗವನ್ನು ಓದಿದರೆ ಸಂತೋಷ. ಕೈಯಲ್ಲಿರುವ ಒಡವೆ ಹೇಗೆ ಆಯಿತು ಅಂತ ಗೊತ್ತಿದ್ದರೆ ಅದನ್ನು ನೋಡಿಕೊಳ್ಳುವುದು ಸಲೀಸು.

ತೊಡುವವರ ಪ್ರಶ್ನೆಗಳು

ತೊಟ್ಟು ಎರಡು ವಾರ ಆಗಿಲ್ಲ, ಕಡಗ ಕಂದಿಹೋಗಿದೆ. ಮಾಲು ಚೆನ್ನಾಗಿಲ್ಲವೇ?

ಅಪ್ಪಟ ತಾಮ್ರ ಕಂದಲೇಬೇಕು. ಕಂದದೆ ವರ್ಷಗಟ್ಟಲೆ ಗುಲಾಬಿ ಬಣ್ಣದಲ್ಲೇ ಹೊಳೆಯುತ್ತಿದ್ದರೆ ಅದರ ಮೇಲೆ ಮೆರುಗೆಣ್ಣೆ ಇದೆ, ಇಲ್ಲವೇ ಅದು ತಾಮ್ರವೇ ಅಲ್ಲ.

ಉಜ್ಜಿದ ತಾಮ್ರ ಗಾಳಿಗೆ ಒಡ್ಡಿದ ಗಳಿಗೆಯಿಂದ ಆಮ್ಲಜನಕದ ಜೊತೆ ಸೇರತೊಡಗುತ್ತದೆ. ಮೊದಲು ಬರುವುದು ತೆಳುವಾದ ಕೆಂಗಂದು ಪದರ. ಅದು ದಪ್ಪವಾಗುತ್ತಾ ಹೋದ ಹಾಗೆ ಇಟ್ಟಿಗೆ ಬಣ್ಣ, ಕಾಫಿ ಬಣ್ಣ, ಕೊನೆಗೆ ಕಪ್ಪು. ಗಾಳಿಯಲ್ಲಿ, ಬೆವರಿನಲ್ಲಿ, ಅಡುಗೆಮನೆಯ ಈರುಳ್ಳಿ ಮೊಟ್ಟೆಗಳಲ್ಲಿ ಇರುವ ಗಂಧಕದ ಅಂಶ ಇದನ್ನು ಇನ್ನಷ್ಟು ಬೇಗ ಕಪ್ಪಾಗಿಸುತ್ತದೆ. ನಿಮ್ಮ ಕಡಗವನ್ನು ತಿರುಗಿಸಿ ಒಳಮೈ ನೋಡಿ. ಚರ್ಮಕ್ಕೆ ಉಜ್ಜಿಕೊಂಡ ಜಾಗ ಹೊಳೆಯುತ್ತಿರುತ್ತದೆ, ಸುತ್ತಿಗೆ ಏಟಿನ ಕುಳಿಗಳಲ್ಲಿ ಮಾತ್ರ ಕಪ್ಪು ಕೂತಿರುತ್ತದೆ. ನೀವು ದಿನಾ ಏನು ಕೆಲಸ ಮಾಡುತ್ತೀರಿ, ಯಾವ ಕೈ ಹೆಚ್ಚು ಆಡಿಸುತ್ತೀರಿ ಅನ್ನುವುದೆಲ್ಲ ಅಲ್ಲಿ ಬರೆದಿರುತ್ತದೆ.

ಈ ಕಂದು ಪದರ ಲೋಹಕ್ಕೆ ಅಂಟಿಕೊಂಡಿರುತ್ತದೆ, ಕೆಳಗಿನ ತಾಮ್ರವನ್ನು ಕಾಯುತ್ತದೆ. ಅದರ ಜೊತೆ ಜಗಳಕ್ಕೆ ಇಳಿಯಬೇಡಿ. ನಮ್ಮ ಬಚ್ಚಲಮನೆಯ ತಾಮ್ರದ ಹಂಡೆಗಳು ವರ್ಷವಿಡೀ ಕಂದುಗಪ್ಪಾಗಿಯೇ ಇದ್ದು, ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಹುಣಸೆಹಣ್ಣು ಕಂಡು ಬೆಳಗುತ್ತಿದ್ದವು. ಒಡವೆಗೂ ಅದೇ ಲೆಕ್ಕ ಸಾಕು: ದಿನಬಳಕೆಗೆ ಕಂದು, ಹಬ್ಬಕ್ಕೆ ಹೊಳಪು.

ಹಾಗಾದರೆ ಹಸಿರು ಕಟ್ಟಿದ್ದನ್ನೂ ಬಿಟ್ಟುಬಿಡಬಹುದೇ?

ಬಿಡಬಾರದು. ಅದು ಕಿಲುಬು. ಕಂದು ಪದರಕ್ಕೂ ಕಿಲುಬಿಗೂ ಇರುವ ವ್ಯತ್ಯಾಸ ಗೊತ್ತಾದರೆ ತಾಮ್ರದ ಆರೈಕೆಯಲ್ಲಿ ಮುಕ್ಕಾಲು ಪಾಲು ಗೊತ್ತಾದ ಹಾಗೆ. ಕಂದು ಪದರ ಉಗುರಿಗೆ ಬರುವುದಿಲ್ಲ. ಕಿಲುಬು ಪುಡಿಪುಡಿಯಾಗಿರುತ್ತದೆ, ಬಟ್ಟೆಗೆ ಹತ್ತುತ್ತದೆ, ತೇವ ಹಿಡಿದಿಟ್ಟುಕೊಳ್ಳುತ್ತದೆ. ಬೆವರಿನ ಉಪ್ಪು ಸೇರಿ ಆದ ಕಿಲುಬು ಕೆಳಗಿನ ಲೋಹವನ್ನು ಸಣ್ಣ ಸಣ್ಣ ಗುಳಿಯಾಗಿ ತಿನ್ನುತ್ತಲೂ ಹೋಗುತ್ತದೆ. ಸರದ ಕೊಂಡಿಗಳ ಸಂದು, ಓಲೆಯ ಕೊಕ್ಕೆ, ತಂತಿ ಸುತ್ತಿದ ಜಾಗದ ಅಡಿ, ಇವೇ ಅದು ಮೊದಲು ಕಾಣುವ ತಾವುಗಳು. ಕಂಡ ಕೂಡಲೇ ತೆಗೆಯಿರಿ.

ಕೈಯಲ್ಲಿ ಹಸಿರು ಗೆರೆ ಬೀಳುತ್ತದೆ. ವಿಷವೇನಾದರೂ ಒಳಗೆ ಹೋಗುತ್ತದೆಯೇ?

ಹೆದರಬೇಡಿ. ಬೆವರಿನಲ್ಲಿರುವ ಉಪ್ಪು ಮತ್ತು ಹುಳಿ ಅಂಶ ತಾಮ್ರದ ಜೊತೆ ಸೇರಿ ಆದ ಬಣ್ಣ ಅದು, ಸೋಪು ಹಾಕಿ ತೊಳೆದರೆ ಹೋಗುತ್ತದೆ. ಬೇಸಿಗೆಯಲ್ಲಿ ಹೆಚ್ಚು, ಚಳಿಗಾಲದಲ್ಲಿ ಕಡಿಮೆ. ಒಬ್ಬರಿಗೆ ಬರುತ್ತದೆ, ಅದೇ ಕಡಗ ಇನ್ನೊಬ್ಬರು ತೊಟ್ಟರೆ ಬರುವುದಿಲ್ಲ. ಬೆವರು ಒಬ್ಬೊಬ್ಬರದು ಒಂದೊಂದು ಥರ. ಕಿರಿಕಿರಿ ಅನ್ನಿಸಿದರೆ ಒಳಮೈಗೆ ಮಾತ್ರ ಜೇನುಮೇಣ ಉಜ್ಜಿ. ಹೇಗೆ ಅನ್ನುವುದು ಮುಂದೆ ಇದೆ. ತೊಡುವ ಮುನ್ನ ಕೈಗೆ ಹಚ್ಚಿದ ಲೋಷನ್ ಪೂರ್ತಿ ಇಂಗಿರಲಿ.

ಚರ್ಮ ಕೆಂಪಾಗಿ ತುರಿಸಿದರೆ ಅದು ಬೇರೆ ವಿಷಯ, ಆಗ ತೆಗೆದಿಡಿ. ತಾಮ್ರಕ್ಕೇ ಅಲರ್ಜಿ ಆಗುವುದು ಅಪರೂಪ. ಹೆಚ್ಚಿನ ಸಲ ತಪ್ಪಿತಸ್ಥ ನಿಕ್ಕಲ್. ಅಂಗಡಿಯಲ್ಲಿ ಸಿಗುವ ಅಗ್ಗದ ಕೊಕ್ಕೆ, ಕೊಂಡಿಗಳ ಲೇಪನದಲ್ಲಿ ಅದು ಇರುತ್ತದೆ.

ಮನೆಯಲ್ಲಿ ತೊಳೆಯುವುದು ಹೇಗೆ?

ನಿಂಬೆಗಾತ್ರದ ಹುಣಸೆಹಣ್ಣನ್ನು ಒಂದು ಲೋಟ ಬಿಸಿನೀರಿನಲ್ಲಿ ನೆನೆಹಾಕಿ ಕಿವುಚಿ. ಒಡವೆಯನ್ನು ಮೊದಲು ಸೋಪು ನೀರಲ್ಲಿ ತೊಳೆದು ಎಣ್ಣೆಜಿಡ್ಡು ತೆಗೆಯಿರಿ. ಜಿಡ್ಡಿದ್ದರೆ ಹುಳಿ ಹಿಡಿಯುವುದಿಲ್ಲ, ಅಲ್ಲಲ್ಲಿ ಮಚ್ಚೆ ಉಳಿಯುತ್ತದೆ. ಆಮೇಲೆ ಹುಣಸೆ ರಸದಲ್ಲಿ ಐದು ನಿಮಿಷ ಇಟ್ಟು ಬೆರಳಲ್ಲಿ ಸವರಿ. ಹುಣಸೆಯ ಟಾರ್ಟಾರಿಕ್ ಆಮ್ಲ ಕಪ್ಪು ಪದರವನ್ನು ಕರಗಿಸುತ್ತದೆ, ಲೋಹವನ್ನು ಹೆಚ್ಚು ಕೆಣಕುವುದಿಲ್ಲ. ಸಂದುಗಳಿಗೆ ಹಳೆಯ ಮೆತ್ತನೆ ಟೂತ್‌ಬ್ರಷ್.

ಪಾತ್ರೆ ಬೆಳಗುವಾಗ ಹುಣಸೆಯ ಜೊತೆ ಉಪ್ಪು ಹಾಕುವುದು ರೂಢಿ. ಉಪ್ಪು ಹಾಕಿದರೆ ಬೇಗ ಬೆಳಗುತ್ತದೆ, ನಿಜ. ಆದರೆ ಒಡವೆಗೆ ನಾನು ಉಪ್ಪು ಬೇಡ ಅನ್ನುತ್ತೇನೆ. ಚೊಂಬನ್ನು ಬೆಳಗಿ ನಾಲ್ಕು ಸಲ ಗಲಬರಿಸಿದರೆ ಉಪ್ಪು ಹೋಗುತ್ತದೆ. ಸರದ ನೂರು ಕೊಂಡಿಗಳ ಸಂದಿನಿಂದ ಅದು ಪೂರ್ತಿ ಹೋಗುವುದಿಲ್ಲ, ಉಳಿದ ಉಪ್ಪೇ ನಾಳಿನ ಕಿಲುಬಿಗೆ ಬೀಜ.

ಹುಳಿಯಿಂದ ತೆಗೆದ ಮೇಲೆ ಒಂದು ಲೋಟ ನೀರಿಗೆ ಅರ್ಧ ಚಮಚ ಅಡುಗೆ ಸೋಡಾ ಹಾಕಿ ಅದರಲ್ಲಿ ಒಂದು ನಿಮಿಷ ಅದ್ದಿ. ಉಳಿದ ಹುಳಿ ಸತ್ತುಹೋಗುತ್ತದೆ. ಬಹಳ ಜನ ಬಿಡುವುದು ಈ ಹೆಜ್ಜೆಯನ್ನೇ, ಆಮೇಲೆ ಮಾರನೆಯ ದಿನಕ್ಕೇ ಮತ್ತೆ ಕಪ್ಪಾಯಿತು ಅನ್ನುತ್ತಾರೆ. ಕೊನೆಯಲ್ಲಿ ಒಳ್ಳೆ ನೀರು. ಬೋರ್‌ವೆಲ್‌ನ ಗಡಸು ನೀರು ಒಣಗಿದರೆ ಬಿಳಿ ಕಲೆ ಬಿಡುತ್ತದೆ, ಆದ್ದರಿಂದ ಕಾವೇರಿ ನಲ್ಲಿಯ ನೀರು ಅಥವಾ ಕುಡಿಯಲು ಸೋಸಿದ ನೀರು ಬಳಸಿ. ಹಳೆಯ ಹತ್ತಿ ಪಂಚೆಯ ತುಂಡಿನಲ್ಲಿ ಒತ್ತಿ ಒರೆಸಿ, ಫ್ಯಾನಿನ ಕೆಳಗೆ ಅರ್ಧ ಗಂಟೆ ಇಡಿ.

ಮುತ್ತು, ಹವಳ, ರುದ್ರಾಕ್ಷಿ, ದಾರ ಇರುವ ಒಡವೆಯನ್ನು ಹುಳಿಯಲ್ಲಿ ಮುಳುಗಿಸಲೇಬೇಡಿ. ಮುತ್ತು ಹವಳಗಳು ಸುಣ್ಣದ ಜಾತಿಯವು, ಹುಳಿ ಅವುಗಳನ್ನು ತಿನ್ನುತ್ತದೆ. ತಾಮ್ರದ ಭಾಗಕ್ಕೆ ಮಾತ್ರ ಹತ್ತಿಯಲ್ಲಿ ಅದ್ದಿ ಸವರಿ.

ಪೀತಾಂಬರಿ, ಬ್ರಾಸೊ, ಟೂತ್‌ಪೇಸ್ಟ್ ಬಳಸಬಹುದೇ?

ನಯವಾದ ಕಡಗಕ್ಕೆ ಪೀತಾಂಬರಿ ಅಥವಾ ಬ್ರಾಸೊ ಅಪರೂಪಕ್ಕೆ ಆದೀತು. ಕುಳಿಗಳಲ್ಲಿ ಬೇಕೆಂದೇ ಕಪ್ಪು ಉಳಿಸಿದ ಕೆಲಸಕ್ಕೆ ಬೇಡ, ಕಪ್ಪೂ ಹೋಗುತ್ತದೆ, ಕೆತ್ತನೆಯ ಆಳವೂ ಕಣ್ಣಿಗೆ ಕಾಣದಾಗುತ್ತದೆ. ಟೂತ್‌ಪೇಸ್ಟ್ ಗೀರು ಮಾಡುತ್ತದೆ, ಅದರ ಬಿಳಿ ಪುಡಿ ಸಂದಿನಲ್ಲಿ ಕೂರುತ್ತದೆ.

ಸ್ನಾನ ಮಾಡುವಾಗ, ಪಾತ್ರೆ ತೊಳೆಯುವಾಗ ತೆಗೆಯಲೇಬೇಕೇ?

ಗಟ್ಟಿ ಕಡಗವನ್ನು ತೆಗೆಯದಿದ್ದರೂ ಕೇಡಿಲ್ಲ. ಓಲೆ, ಸರ, ಕಲ್ಲು ಕೂರಿಸಿದ ಉಂಗುರ ತೆಗೆಯಿರಿ. ಈಜುಕೊಳಕ್ಕೆ ಇಳಿಯುವಾಗ ಎಲ್ಲವನ್ನೂ ತೆಗೆಯಿರಿ, ಕ್ಲೋರಿನ್ ತಾಮ್ರಕ್ಕೆ ಶತ್ರು. ವೈರಿಂಗ್ ಕೆಲಸ ಮಾಡುವವರು, ಬ್ಯಾಟರಿ ರಿಪೇರಿ ಮಾಡುವವರು ತಾಮ್ರ ತೊಟ್ಟು ಕೆಲಸಕ್ಕೆ ಇಳಿಯಲೇಬಾರದು. ಎಂಆರ್‌ಐ ಸ್ಕ್ಯಾನಿಗೆ ಹೋಗುವಾಗಲೂ ಕಳಚಿಡಿ. ತಾಮ್ರ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೆ ಒಳಗೆ ಬಿಸಿಯಾಗಬಹುದು.

ಎತ್ತಿಡುವುದು ಎಲ್ಲಿ?

ಪೂರ್ತಿ ಒಣಗಿಸಿ, ಗಾಳಿ ತೆಗೆದ ಜಿಪ್ ಚೀಲದಲ್ಲಿ ಒಂದೊಂದನ್ನೇ ಇಡಿ. ಹೊಸ ಬ್ಯಾಗು ಶೂಗಳ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನು ಎಸೆಯದೆ ಇದರ ಜೊತೆ ಹಾಕಿ, ಮಳೆಗಾಲಕ್ಕೆ ಒಳ್ಳೆಯದು. ರಬ್ಬರ್ ಬ್ಯಾಂಡ್ ಸುತ್ತಬೇಡಿ. ರಬ್ಬರಿನಲ್ಲಿ ಗಂಧಕ ಇರುತ್ತದೆ, ಸುತ್ತಿದ ಜಾಗದಲ್ಲಿ ಕಪ್ಪು ಪಟ್ಟೆ ಮೂಡುತ್ತದೆ. ದೇವರಮನೆಯ ಕುಂಕುಮದ ಬಟ್ಟಲಿನ ಪಕ್ಕವೂ ಬೇಡ.

ತಾಮ್ರದ ಕಡಗ ತೊಟ್ಟರೆ ಮಂಡಿನೋವು, ಸಂಧಿವಾತ ವಾಸಿಯಾಗುತ್ತದೆಯೇ?

ವಾಸಿಯಾಗುತ್ತದೆ ಅಂತ ಹೇಳಿದರೆ ನನ್ನ ಕಡಗಗಳು ಎರಡರಷ್ಟು ಖರ್ಚಾಗುತ್ತವೆ. ಆದರೂ ಹೇಳುವುದಿಲ್ಲ, ಏಕೆಂದರೆ ಅದಕ್ಕೆ ಆಧಾರವಿಲ್ಲ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ರುಮಟಾಯ್ಡ್ ಸಂಧಿವಾತ ಇರುವ 70 ಜನರಿಗೆ ಸರದಿಯಂತೆ ತಾಮ್ರದ ಕಡಗವನ್ನೂ ಅಯಸ್ಕಾಂತದ ಪಟ್ಟಿಯನ್ನೂ ಆ ಪಟ್ಟಿಯಂತೆಯೇ ಕಾಣುವ ಹುಸಿ ಪಟ್ಟಿಗಳನ್ನೂ ತೊಡಿಸಿ ನೋಡಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ನೋವು, ಊತ, ಕಾಯಿಲೆಯ ಬೆಳವಣಿಗೆ ಯಾವುದರಲ್ಲೂ ತಾಮ್ರದಿಂದ ಗಣನೀಯ ಲಾಭ ಕಾಣಲಿಲ್ಲ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ರುಮಟಾಯ್ಡ್ ಕಾಯಿಲೆಗೆ ತಡಮಾಡದೆ ಔಷಧಿ ಶುರುಮಾಡದಿದ್ದರೆ ಕೀಲುಗಳು ಶಾಶ್ವತವಾಗಿ ಹಾಳಾಗುತ್ತವೆ. ಕಡಗ ತೊಟ್ಟಿದ್ದೇನಲ್ಲ ಅಂತ ಡಾಕ್ಟರ ಬಳಿ ಹೋಗುವುದನ್ನು ಮುಂದೂಡಿದವರ ಬೆರಳುಗಳನ್ನು ನೋಡಿದಾಗ ಸಂಕಟವಾಗುತ್ತದೆ. ಚೆಂದಕ್ಕೆ ತೊಡಿ, ಅಜ್ಜಿ ಕೊಟ್ಟದ್ದು ಅಂತ ತೊಡಿ, ನಂಬಿಕೆಯಿಂದಲೂ ತೊಡಿ. ಮಾತ್ರೆ ಮಾತ್ರ ಬಿಡಬೇಡಿ.

ಹೊಸದಾಗಿ ಕಿವಿ ಚುಚ್ಚಿಸಿದ್ದೇವೆ, ತಾಮ್ರದ ಓಲೆ ಹಾಕಬಹುದೇ?

ಗಾಯ ಪೂರ್ತಿ ಮಾಯುವವರೆಗೆ ಬೇಡ. ಆಮೇಲೂ ಕಿವಿಯೊಳಗೆ ಹೋಗುವ ಕೊಕ್ಕೆ ಮಾತ್ರ 92.5 ಬೆಳ್ಳಿಯದೋ ಟೈಟಾನಿಯಂನದೋ ಇರಲಿ, ಕೆಳಗೆ ನೇತಾಡುವುದು ತಾಮ್ರ. ನಾನು ಮಾಡುವ ಓಲೆಗಳೆಲ್ಲ ಹೀಗೇ ಇರುತ್ತವೆ.

ಅಪ್ಪಟ ತಾಮ್ರ ಅಂತ ಗುರುತಿಸುವುದು ಹೇಗೆ?

ಒಂದು ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಒಳಗೆ ಕಬ್ಬಿಣ, ಮೇಲೆ ತಾಮ್ರದ ನೀರು. ಅಂಟದಿದ್ದರೆ ಅಷ್ಟಕ್ಕೇ ಗೆದ್ದ ಹಾಗಲ್ಲ, ಹಿತ್ತಾಳೆ, ಅಲ್ಯೂಮಿನಿಯಂ, ಸತು ಯಾವುದೂ ಅಂಟುವುದಿಲ್ಲ. ಕಾಣದ ಮೂಲೆಯಲ್ಲಿ ಅರದಿಂದ ಒಂದೇ ಗೀರು ಹಾಕಿ ಬೆಳಕಿಗೆ ಹಿಡಿಯಿರಿ. ಗೀರು ಕೆಂಗುಲಾಬಿ ಬಣ್ಣಕ್ಕಿದ್ದರೆ ತಾಮ್ರ, ಹಳದಿಗಿದ್ದರೆ ಹಿತ್ತಾಳೆ, ಬೆಳ್ಳಗಿದ್ದರೆ ಒಳಗೆ ಅಲ್ಯೂಮಿನಿಯಂ ಅಥವಾ ಸತು. ಅಗ್ಗದ ಕೇಬಲ್ಲುಗಳಲ್ಲಿ ತಾಮ್ರ ಹೊದಿಸಿದ ಅಲ್ಯೂಮಿನಿಯಂ ತಂತಿ ಬರುತ್ತದೆ, ಕೈಗೆತ್ತಿಕೊಂಡರೇ ಹಗುರ ಅನ್ನಿಸುತ್ತದೆ. ತಾಮ್ರ ನೀರಿಗಿಂತ ಸುಮಾರು ಒಂಬತ್ತು ಪಟ್ಟು ಭಾರ, ಅಲ್ಯೂಮಿನಿಯಂ ಮೂರು ಪಟ್ಟೂ ಇಲ್ಲ.

ಕಡಗದಲ್ಲಿರುವುದು 17 ಗ್ರಾಂ ತಾಮ್ರ. ಇಷ್ಟು ಬೆಲೆ ಯಾಕೆ?

ತೂಕ ನೋಡಿ ಕೇಳುವುದು ಚಿನ್ನದ ಅಂಗಡಿಯಿಂದ ಬಂದ ಅಭ್ಯಾಸ. ಚಿನ್ನದಲ್ಲಿ ಬೆಲೆ ಲೋಹದ್ದು, ಕೂಲಿ ಮೇಲಿನದು. ತಾಮ್ರದಲ್ಲಿ ಹೆಚ್ಚುಕಡಿಮೆ ಎಲ್ಲವೂ ಕೂಲಿಯೇ. ಅದೇ ಸುತ್ತಿಗೆ, ಅದೇ ಬೆಂಕಿ, ಅಷ್ಟೇ ಹೊತ್ತು. ಅಶೋಕ ರಸ್ತೆಯ ಚಿನ್ನದಂಗಡಿಗಳಿಗೆ ಕೆಲಸ ಮಾಡಿಕೊಡುವ ಅಕ್ಕಸಾಲಿಗರ ಕೈಗೆ ಒಂದು ಮರ್ಯಾದೆ ಇದೆ, ತಾಮ್ರ ಬಡಿಯುವ ಕೈಗೂ ಅದೇ ಮರ್ಯಾದೆ ಸಿಗಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ. ಅಚ್ಚಿನಲ್ಲಿ ಒತ್ತಿದ್ದು ಬೇಕಾದರೆ ಕಡಿಮೆಗೆ ಸಿಗುತ್ತದೆ, ಅದೂ ಕೆಟ್ಟದ್ದೇನಲ್ಲ.

ಬಳೆಯ ಅಳತೆ ಹೇಗೆ ಹೇಳಲಿ?

ನಿಮ್ಮ ಗಾಜಿನ ಬಳೆಯ ಅಳತೆಯನ್ನೇ ಹೇಳಿ. ಎರಡು ನಾಲ್ಕು ಅಂದರೆ ಎರಡು ಇಂಚು ಮತ್ತು ಇಂಚಿನ ಹದಿನಾರರಲ್ಲಿ ನಾಲ್ಕು ಭಾಗ, ಅಂದರೆ ಒಳವ್ಯಾಸ 57 ಮಿಲಿಮೀಟರ್. ಎರಡು ಆರಕ್ಕೆ 60, ಎರಡು ಎಂಟಕ್ಕೆ 63.5. ಬಾಯಿ ತೆರೆದ ಕಡಗಕ್ಕೆ ಇದು ಬೇಕಿಲ್ಲ, ಮಣಿಕಟ್ಟಿನ ಸುತ್ತಳತೆ ಹೇಳಿದರೆ ಸಾಕು.

ಮಾಡುವವರ ಪ್ರಶ್ನೆಗಳು

ಶುರುಮಾಡಲು ಏನೇನು ಬೇಕು?

ಕಡಿಮೆ ಸಾಮಾನು. ಚಪ್ಪಟೆ ಮೂತಿಯ ಒಂದು ಇಕ್ಕಳ, ಗುಂಡು ಮೂತಿಯದೊಂದು, ತಂತಿ ಕತ್ತರಿಸುವುದೊಂದು, ಒಂದು ಅರ, 220ರಿಂದ 1000 ನಂಬರಿನವರೆಗಿನ ಉಪ್ಪು ಕಾಗದ, ಗುಂಡುತಲೆಯ ಸುತ್ತಿಗೆ, ಬಡಿಯಲು ಒಂದು ಕಬ್ಬಿಣದ ಗಟ್ಟಿ. ರೈಲು ಕಂಬಿಯ ತುಂಡು ಸಿಕ್ಕರೆ ಅದಕ್ಕಿಂತ ಒಳ್ಳೆಯ ಅಡಿಗಲ್ಲು ಬೇಕಿಲ್ಲ. ಮೇಲ್ಮೈ ಮಾತ್ರ ಕನ್ನಡಿಯಂತೆ ಉಜ್ಜಿಟ್ಟುಕೊಳ್ಳಿ, ಅಡಿಗಲ್ಲಿನ ಪ್ರತಿ ಗೀರೂ ತಾಮ್ರದ ಮೇಲೆ ಅಚ್ಚಾಗುತ್ತದೆ.

ತಂತಿಯನ್ನು ನಮ್ಮ ಕಡೆ ಎಸ್‌ಡಬ್ಲ್ಯುಜಿ ಲೆಕ್ಕದಲ್ಲಿ, ಅಂದರೆ ತಂತಿಯ ದಪ್ಪ ಹೇಳುವ ಬ್ರಿಟಿಷ್ ಗೇಜಿನಲ್ಲಿ ಕೊಡುತ್ತಾರೆ, ನಂಬರು ಹೆಚ್ಚಾದಷ್ಟೂ ತಂತಿ ತೆಳು. ಕಡಗಕ್ಕೆ 8 ಗೇಜು, ಅಂದರೆ ಸುಮಾರು 4 ಮಿಲಿಮೀಟರ್. ಉಂಗುರಕ್ಕೆ 14 ಗೇಜು, 2 ಮಿಲಿಮೀಟರ್. ಕೊಂಡಿಗಳಿಗೆ 18, ಅಂದರೆ 1.2. ಮಣಿ ಸುತ್ತಲು 22, ಅಂದರೆ 0.7. ಅಂತರ್ಜಾಲದ ವಿಡಿಯೊಗಳು ಅಮೆರಿಕದ ಗೇಜನ್ನು ಹೇಳುತ್ತವೆ, ಅದೇ ನಂಬರಿಗೆ ತಂತಿ ಇನ್ನೂ ತೆಳು. ಗೊಂದಲ ಬೇಡವೆಂದರೆ ಮಿಲಿಮೀಟರಿನಲ್ಲೇ ಕೇಳಿ.

ಮೋಟಾರ್ ವೈಂಡಿಂಗ್ ತಂತಿ ಬಳಸಬಹುದೇ? ಮಂಡ್ಯದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿಗಳಲ್ಲಿ ರಾಶಿ ಸಿಗುತ್ತದೆ.

ತಾಮ್ರ ಒಳ್ಳೆಯದೇ, ಆದರೆ ಅದರ ಮೈಗೆ ಎನಾಮಲ್ ಲೇಪ ಇರುತ್ತದೆ. ಸುಟ್ಟರೆ ಕೆಟ್ಟ ಹೊಗೆ ಬರುತ್ತದೆ, ಉಸಿರಿಗೆ ಹೋಗಬಾರದು. ಕಾಯಿಸದೆ, ಬರೀ ಸುತ್ತಿ ಮಾಡುವ ಕೆಲಸಕ್ಕೆ ಬೇಕಾದರೆ ಬಳಸಿ. ಮನೆ ವೈರಿಂಗಿನ ದಪ್ಪ ಕೇಬಲ್ಲಿನ ಪ್ಲಾಸ್ಟಿಕ್ ಸಿಪ್ಪೆ ಸುಲಿದು ತೆಗೆದ ತಂತಿ ಇದಕ್ಕಿಂತ ಉತ್ತಮ. ಸಿಪ್ಪೆಯನ್ನು ಚಾಕುವಿನಿಂದ ಸುಲಿಯಿರಿ, ಬೆಂಕಿಗೆ ಹಾಕಿ ತೆಗೆಯಬೇಡಿ.

ಅಟ್ಟದ ಮೇಲೆ ಅಜ್ಜಿಯ ಕಾಲದ ತಾಮ್ರದ ಪಾತ್ರೆ ಇದೆ. ಅದರ ತಗಡಿನಿಂದ ಓಲೆ ಮಾಡಿಸಿಕೊಳ್ಳಬಹುದೇ?

ಖಂಡಿತ, ನನಗೆ ತುಂಬ ಇಷ್ಟದ ಕೆಲಸ ಅದು. ನೀರಿನ ಹಂಡೆ, ಕೊಡ, ಚೊಂಬುಗಳ ತಗಡು ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಅಡುಗೆ ಪಾತ್ರೆಯಾದರೆ ಒಳಗೆ ಕಲಾಯಿ ಇರುತ್ತದೆ. ಕಲಾಯಿ ಅಂದರೆ ತವರ, 232 ಡಿಗ್ರಿಗೇ ಕರಗುತ್ತದೆ. ಅದರ ಸಮೇತ ತಗಡನ್ನು ಕೆಂಪಗೆ ಕಾಯಿಸಿದರೆ ತವರ ತಾಮ್ರದೊಳಕ್ಕೆ ಇಳಿದು ಮೇಲ್ಮೈ ಬೂದಿ ಬಣ್ಣಕ್ಕೆ ತಿರುಗಿ ಒರಟಾಗುತ್ತದೆ, ಬಡಿದರೆ ಬಿರುಕು ಬಿಡುತ್ತದೆ. ಹಳೆಯ ಕಲಾಯಿಯಲ್ಲಿ, ತೂತು ಮುಚ್ಚಿದ ಬೆಸುಗೆಯಲ್ಲಿ ಸೀಸ ಬೆರೆತಿರುವ ಸಾಧ್ಯತೆಯೂ ಇದೆ. ಆದ್ದರಿಂದ ಬೆಸುಗೆ ಹಾಕಿದ ಜಾಗವನ್ನು ಕತ್ತರಿಸಿ ಬಿಟ್ಟುಬಿಡಿ. ಕಲಾಯಿಯನ್ನು ನೀರು ಹಾಕಿಕೊಂಡು ಉಪ್ಪು ಕಾಗದದಲ್ಲಿ ಪೂರ್ತಿ ಉಜ್ಜಿ ತೆಗೆಯಿರಿ, ಒಣಗಿದ ಪುಡಿ ಗಾಳಿಗೆ ಹಾರಬಾರದು.

ಪಾತ್ರೆ ಇನ್ನೂ ಗಟ್ಟಿಯಾಗಿ, ಸೋರದೆ ಇದ್ದರೆ ಮಾತ್ರ ಕತ್ತರಿಸಬೇಡಿ. ಬೆಳಗಿ ಬಳಸಿ. ಹೊಸ ತಗಡು ಯಾವಾಗ ಬೇಕಾದರೂ ಸಿಗುತ್ತದೆ, ಕೈಯಲ್ಲಿ ಬಡಿದು ಮಾಡಿದ ಹಂಡೆ ಇನ್ನು ಹುಟ್ಟುವುದು ಕಷ್ಟ.

ಮೊದಲ ಕಡಗ ಹೇಗೆ ಮಾಡಲಿ?

ಮಣಿಕಟ್ಟಿನ ಸುತ್ತಳತೆಯಿಂದ ಒಂದೂವರೆ ಸೆಂಟಿಮೀಟರ್ ಕಳೆದು 8 ಗೇಜಿನ ತಂತಿ ಕತ್ತರಿಸಿ. ಹೆಚ್ಚಿನವರಿಗೆ 15 ಸೆಂಟಿಮೀಟರ್ ಆಗುತ್ತದೆ. ತುದಿಗಳನ್ನು ಅರದಿಂದ ಗುಂಡಗೆ ಮಾಡಿ. ಕೊನೆಗೆ ಮಾಡಿದರಾಯಿತು ಅಂತ ಬಿಟ್ಟರೆ ಬಗ್ಗಿಸಿದ ಮೇಲೆ ಅರ ಒಳಗೆ ತೂರುವುದಿಲ್ಲ.

ಈಗ ಹದ, ಅಂದರೆ ಕಾಯಿಸಿ ಮೆದು ಮಾಡುವುದು. ಕೋಣೆಯ ಬೆಳಕು ಕಡಿಮೆ ಮಾಡಿ, ಗ್ಯಾಸ್ ಟಾರ್ಚಿನಿಂದ ತಂತಿಯ ಉದ್ದಕ್ಕೂ ಬೆಂಕಿ ಆಡಿಸಿ. ಮೊದಲು ಕಾಮನಬಿಲ್ಲಿನ ಬಣ್ಣಗಳು ಓಡುತ್ತವೆ, ಆಮೇಲೆ ಕಪ್ಪಾಗುತ್ತದೆ, ಆಮೇಲೆ ಕಪ್ಪಿನ ಒಳಗಿನಿಂದ ಮಂಕಾದ ಕೆಂಪು ಏಳುತ್ತದೆ. ಆ ಮಂಕು ಕೆಂಪೇ ಹದ. ಕಿತ್ತಳೆ ಬಣ್ಣಕ್ಕೆ ಹೋಗಲು ಬಿಡಬೇಡಿ, ತಾಮ್ರ 1,085 ಡಿಗ್ರಿಗೆ ಕರಗುತ್ತದೆ, ಅದಕ್ಕೆ ಬಹಳ ಮುಂಚೆಯೇ ಅದರ ಕಣಗಳು ದಪ್ಪವಾಗಿ ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾಗುತ್ತದೆ. ಬೆಂಕಿ ಆರಿಸಿ, ಇಕ್ಕಳದಲ್ಲಿ ಹಿಡಿದು ನೀರಿಗೆ ಹಾಕಿ. ಚುಂಯ್ ಅಂತ ಸದ್ದಾಗಿ ಕಪ್ಪು ಚಕ್ಕೆಗಳು ಸಿಡಿದು ತಳ ಸೇರುತ್ತವೆ, ಕೆಳಗಿನ ಗುಲಾಬಿ ಮೈ ಅಲ್ಲಲ್ಲಿ ಹೊರಬರುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ತಂತಿಯನ್ನು ಕೈಯಲ್ಲಿ ಬಗ್ಗಿಸಿ ನೋಡಿ, ಅಷ್ಟು ದಪ್ಪದ ಲೋಹ ಸಲೀಸಾಗಿ ಬಾಗುತ್ತದೆ. ಅಡಿಗಲ್ಲಿನ ಮೇಲೆ ಒಂದು ತುದಿಯಿಂದ ಶುರುಮಾಡಿ ಬಡಿಯುತ್ತಾ ಹೋಗಿ. ತೋಳಿನ ಬಲ ಬೇಡ, ಸುತ್ತಿಗೆಯ ಭಾರವೇ ಕೆಲಸ ಮಾಡಲಿ. ಏಟಿನ ಮೇಲೆ ಅರ್ಧ ಏಟು ಬೀಳುವಂತೆ ಸಾಗಿದರೆ ಕುಳಿಗಳು ಒಂದಕ್ಕೊಂದು ಸೇರಿ ಬೆಳಕು ಒಡೆಯುತ್ತದೆ. ಕಿವಿ ಕೊಡಿ: ಮೊದಮೊದಲು ಏಟಿನ ಸದ್ದು ಮಂದವಾಗಿರುತ್ತದೆ, ಲೋಹ ಗಡುಸಾದ ಹಾಗೆ ಟಣ್ ಟಣ್ ಅಂತ ಏರುತ್ತದೆ. ಸದ್ದು ಏರಿದ ಮೇಲೂ ಬಡಿಯುತ್ತಲೇ ಇದ್ದರೆ ಅಂಚು ಸೀಳುತ್ತದೆ, ಮತ್ತೆ ಹದಕ್ಕೆ ಕಾಯಿಸಿ ಮುಂದುವರಿಸಿ.

ಬಗ್ಗಿಸಲು ಒಂದೂವರೆ ಇಂಚಿನ ಜಿಐ ಪೈಪಿನ ತುಂಡು ಸಾಕು. ಮರದ ಅಥವಾ ರಬ್ಬರ್ ಸುತ್ತಿಗೆಯಿಂದ ತಟ್ಟುತ್ತಾ ಸುತ್ತಿ, ಆಮೇಲೆ ಎರಡೂ ಬದಿ ಒತ್ತಿ ಸ್ವಲ್ಪ ಮೊಟ್ಟೆಯಾಕಾರ ಕೊಡಿ. ಮಣಿಕಟ್ಟು ದುಂಡಗಿಲ್ಲ, ಚಪ್ಪಟೆ. ಕೊನೆಗೆ ಹುಳಿಯಲ್ಲಿ ಹಾಕಿ ತೊಳೆದು, ಉಪ್ಪು ಕಾಗದ, ಮೆರುಗು. ಅಂಚು ನಯವಾಗಿದೆಯೇ ಅನ್ನುವುದಕ್ಕೆ ನನ್ನ ಪರೀಕ್ಷೆ ಒಂದೇ, ಹಳೆಯ ಮೈಸೂರು ಸಿಲ್ಕಿನ ತುಂಡನ್ನು ಕಡಗದ ಮೇಲೆ ಎಳೆಯುತ್ತೇನೆ. ಒಂದೇ ಒಂದು ಎಳೆ ಸಿಕ್ಕಿಕೊಂಡರೂ ಮತ್ತೆ ಅರ ಹಿಡಿಯಬೇಕು. ದಸರೆಗೆ ರೇಷ್ಮೆ ಉಟ್ಟು ಕಡಗ ತೊಡುವವರ ಸೀರೆ ಹಾಳಾಗಬಾರದು.

ಕಾಯಿಸಿ ನೀರಿಗೆ ಹಾಕಿದರೆ ಗಡುಸಾಗುವುದಿಲ್ಲವೇ?

ಅದು ಉಕ್ಕಿನ ಮಾತು. ಕುಡುಗೋಲು ಹದ ಮಾಡುವುದನ್ನು ನೋಡಿದವರಿಗೆ ಈ ಅನುಮಾನ ಸಹಜ. ತಾಮ್ರವನ್ನು ನೀರಿಗೆ ಹಾಕಿದರೂ ಗಾಳಿಯಲ್ಲಿ ಆರಲು ಬಿಟ್ಟರೂ ಮೆದುವೇ. ಅದು ಗಡುಸಾಗುವುದು ಬಡಿತದಿಂದ, ಬಗ್ಗಿಸುವುದರಿಂದ.

ಹುಳಿಯಲ್ಲಿ ಹಾಕುವುದು ಅಂದರೆ ಯಾವ ಹುಳಿ?

ಗಂಧಕಾಮ್ಲದ ಸಹವಾಸ ಮನೆಯಲ್ಲಿ ಬೇಡ. ಕಿರಾಣಿ ಅಂಗಡಿಯ ನಿಂಬೆಹುಳಿ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಒಂದು ಲೋಟ ಬಿಸಿನೀರಿಗೆ ಒಂದು ದೊಡ್ಡ ಚಮಚ. ಹತ್ತಿಪ್ಪತ್ತು ನಿಮಿಷಕ್ಕೆ ಕಪ್ಪು ಕರಗುತ್ತದೆ. ಅದರೊಳಗೆ ಕಬ್ಬಿಣದ ಇಕ್ಕಳ ಅದ್ದಬೇಡಿ, ಮರದ ಅಥವಾ ತಾಮ್ರದ ಚಿಮಟ ಬಳಸಿ. ಕಬ್ಬಿಣ ಬಿದ್ದರೆ ನೀರಿನಲ್ಲಿ ಕರಗಿರುವ ತಾಮ್ರ ಹೊರಬಂದು, ಜೊತೆಯಲ್ಲಿರುವ ಬೆಳ್ಳಿ ಕೊಕ್ಕೆಯ ಮೇಲೆಲ್ಲ ಕೆಂಪಗೆ ಕೂರುತ್ತದೆ.

ಬೆಸುಗೆಗೆ ಏನು ಬಳಸಲಿ?

ಎಲೆಕ್ಟ್ರಾನಿಕ್ಸ್ ಅಂಗಡಿಯ ಸೀಸದ ಬೆಸುಗೆ ಒಡವೆಗೆ ಸಲ್ಲದು. ಮೈಗೆ ತಾಗುವ ವಸ್ತುವಿನಲ್ಲಿ ಸೀಸ ಇರಬಾರದು, ಬೆಸುಗೆಯೂ ಗಟ್ಟಿ ನಿಲ್ಲುವುದಿಲ್ಲ. ಬೆಳ್ಳಿ ಬೆಸುಗೆ, ಅದು ಚೆನ್ನಾಗಿ ಹರಿಯಲು ಬಿಳಿಗಾರ (ಬೊರಾಕ್ಸ್) ಇದ್ದರೆ ಅಚ್ಚುಕಟ್ಟು. ಕೊಳ್ಳುವಾಗ ಕ್ಯಾಡ್ಮಿಯಂ ಇಲ್ಲದ್ದೇ ಕೊಡಿ ಅಂತ ಕೇಳಿ; ಕ್ಯಾಡ್ಮಿಯಂ ಹೊಗೆ ಶ್ವಾಸಕೋಶಕ್ಕೆ ಅಪಾಯ. ಕಡಿಮೆ ಖರ್ಚಿನ ದಾರಿ ಬೇಕೆಂದರೆ ಫ್ರಿಜ್ ಮತ್ತು ಎಸಿ ರಿಪೇರಿಯವರು ತಾಮ್ರದ ಕೊಳವೆ ಕೂಡಿಸಲು ಬಳಸುವ ತಾಮ್ರ-ರಂಜಕದ ಕಡ್ಡಿ ಇದೆ. ಸುಮಾರು 710 ಡಿಗ್ರಿಗೆ ಮೆದುವಾಗತೊಡಗಿ 800ರ ಹತ್ತಿರ ನೀರಾಗಿ ಹರಿಯುತ್ತದೆ, ತಾಮ್ರಕ್ಕೆ ತಾಮ್ರ ಕೂಡಿಸುವಾಗ ಬಿಳಿಗಾರವೂ ಬೇಡ. ಕೂಡಿದ ಗೆರೆ ಸ್ವಲ್ಪ ಬೂದು, ಕಡಗ ಕಂದಿದ ಮೇಲೆ ಕಾಣುವುದಿಲ್ಲ. ಯಾವ ಬೆಸುಗೆಯಾದರೂ ಸರಿ, ಎರಡು ಅಂಚುಗಳ ನಡುವೆ ಬೆಳಕು ತೂರದಷ್ಟು ಕೂಡಿರಬೇಕು. ಬೆಸುಗೆ ಬಿರುಕನ್ನು ತುಂಬುವುದಿಲ್ಲ.

ಬೇಕೆಂದೇ ಕಪ್ಪು ಮಾಡುವುದು ಹೇಗೆ?

ಮೊಟ್ಟೆಯನ್ನು ಗಟ್ಟಿಯಾಗಿ ಬೇಯಿಸಿ, ಬಿಸಿ ಇರುವಾಗಲೇ ಹೋಳು ಮಾಡಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಜಿಡ್ಡು ತೆಗೆದ ಒಡವೆಯನ್ನು ಮೊಟ್ಟೆಗೆ ತಾಗದ ಹಾಗೆ ಪಕ್ಕದಲ್ಲಿಟ್ಟು ಮುಚ್ಚಿ. ಹಳದಿಯಿಂದ ಏಳುವ ಗಂಧಕದ ಆವಿ ಒಂದೆರಡು ಗಂಟೆಯಲ್ಲಿ ತಾಮ್ರವನ್ನು ಕಂದಾಗಿಸುತ್ತದೆ, ರಾತ್ರಿಯಿಡೀ ಬಿಟ್ಟರೆ ಕಪ್ಪು. ಆಮೇಲೆ ಉಬ್ಬಿದ ಭಾಗಗಳನ್ನಷ್ಟೇ 1000 ನಂಬರಿನ ಕಾಗದದಲ್ಲಿ ಉಜ್ಜಿದರೆ ಕುಳಿಯಲ್ಲಿ ಕಪ್ಪು, ಮೇಲೆ ಹೊಳಪು.

ಹೊಳಪು ಉಳಿಯಲು ವಾರ್ನಿಶ್ ಬಳಿಯಬಹುದೇ?

ಬಳಿಯಬಹುದು, ಆದರೆ ನಾನು ಬಳಿಯುವುದಿಲ್ಲ. ಕೈಗೆ ಉಜ್ಜುವ ಜಾಗದಲ್ಲಿ ಸವೆದು ಅಲ್ಲಲ್ಲಿ ಕಪ್ಪು, ಅಲ್ಲಲ್ಲಿ ಹೊಳಪು ಆಗಿ ತೇಪೆ ಹಾಕಿದ ಹಾಗೆ ಕಾಣುತ್ತದೆ. ಗೋಡೆಗೆ ಹಾಕುವ ವಸ್ತುವಿಗೆ ಸರಿ. ಒಡವೆಗೆ ಜೇನುಮೇಣ ಚೆನ್ನ: ಒಡವೆಯನ್ನು ಬಿಸಿಲಿನಲ್ಲೋ ಹೇರ್ ಡ್ರೈಯರ್‌ನಲ್ಲೋ ಬೆಚ್ಚಗೆ ಮಾಡಿ, ಮೇಣದ ತುಂಡನ್ನು ತೆಳ್ಳಗೆ ಸವರಿ, ಆರಿದ ಮೇಲೆ ಹತ್ತಿ ಬಟ್ಟೆಯಲ್ಲಿ ತಿಕ್ಕಿ. ಕೆಲವು ವಾರ ತಡೆಯುತ್ತದೆ, ಮತ್ತೆ ಹಚ್ಚುವುದಕ್ಕೆ ಎರಡು ನಿಮಿಷ.

ತಾಮ್ರದ ಮೇಲೆ ಕನ್ನಡ ಅಕ್ಷರ ಕೆತ್ತಬೇಕು. ಉಳಿಯುತ್ತದೆಯೇ?

ಉಳಿಯುತ್ತದೆಯೇ ಅಂತ ನಮ್ಮ ನಾಡಿನವರು ಕೇಳಬೇಕಿಲ್ಲ! ಮಂಡ್ಯ ಜಿಲ್ಲೆಯ ನಾಗಮಂಗಲ ಸೀಮೆಯ ದೇವರಹಳ್ಳಿಯಲ್ಲಿ ಸಿಕ್ಕ, ಗಂಗರ ಶ್ರೀಪುರುಷನ ತಾಮ್ರಶಾಸನ ಕ್ರಿ.ಶ. 776ರದು. ಹಲಗೆಗಳನ್ನು ಉಂಗುರದಲ್ಲಿ ಪೋಣಿಸಿ, ಉಂಗುರಕ್ಕೆ ಆನೆಯ ಮುದ್ರೆ ಒತ್ತುವುದು ಗಂಗರ ಪದ್ಧತಿ. ಆ ಅಕ್ಷರಗಳನ್ನು ಇಂದಿಗೂ ಓದಬಹುದು.

ಪದಕಕ್ಕೆ 1 ಮಿಲಿಮೀಟರ್ ದಪ್ಪದ ತಗಡು ತೆಗೆದುಕೊಳ್ಳಿ. ತಗಡನ್ನು ಅಂಟರಾಳದ ಮೇಲೆ ಕೂರಿಸಿ ಚಿಕ್ಕ ಉಳಿಯಿಂದ ಕೆತ್ತಿದರೆ ಗೆರೆಯಲ್ಲಿ ಜೀವ ಇರುತ್ತದೆ. ಕನ್ನಡದ ದುಂಡು ತಿರುವುಗಳಿಗೆ ನೇರ ಬಾಯಿಯ ಉಳಿ ಸಾಲದು, ಅರ್ಧಚಂದ್ರದ ಬಾಯಿಯವು ಎರಡು ಮೂರು ಅಳತೆಯಲ್ಲಿ ಬೇಕು. ತಲೆಕಟ್ಟನ್ನು ಮೊದಲು ಹಾಕಿಕೊಂಡರೆ ಸಾಲು ಓರೆಯಾಗುವುದಿಲ್ಲ. ಕೆತ್ತುವ ಅಭ್ಯಾಸ ಇಲ್ಲದವರು ಮಾರ್ಕರ್ ಪೆನ್ನಿನಲ್ಲಿ ಬರೆದು ತಾಮ್ರವನ್ನು ತಿನ್ನುವ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ತಗಡನ್ನು ಮುಖ ಕೆಳಗಾಗಿ ತೇಲಿಸಬಹುದು. ಬರೆದದ್ದು ಉಬ್ಬಿ ನಿಲ್ಲುತ್ತದೆ, ಸುತ್ತಲಿನದು ಇಳಿಯುತ್ತದೆ. ಕೈಗವಸು ಹಾಕಿ, ಕಿಟಕಿ ತೆರೆದಿಡಿ.

ಬಳಸಿದ ಹುಳಿ, ಫೆರಿಕ್ ಕ್ಲೋರೈಡ್ ಎಲ್ಲಿ ಚೆಲ್ಲಲಿ?

ಚರಂಡಿಗಲ್ಲ, ಗಿಡದ ಬುಡಕ್ಕಲ್ಲ, ನಾಲೆಗಂತೂ ಖಂಡಿತ ಅಲ್ಲ. ನೀಲಿ ಹಸಿರಾದ ಆ ನೀರಿನಲ್ಲಿ ಇರುವುದು ಕರಗಿದ ತಾಮ್ರ. ಬೋರ್ಡೊ ದ್ರಾವಣಕ್ಕೆ ಮೈಲುತುತ್ತ ಬಳಸುವ ರೈತರಿಗೆ ಅದರ ಶಕ್ತಿ ಗೊತ್ತು. ಶಿಲೀಂಧ್ರವನ್ನು ಕೊಲ್ಲುವ ಅದೇ ತಾಮ್ರ ಮೀನಿಗೂ ಮಣ್ಣಿನ ಜೀವಿಗಳಿಗೂ ವಿಷ. ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಭತ್ತ, ಕಬ್ಬು ಬೆಳೆಯುವ ಊರುಗಳಲ್ಲಿ ಕೂತು ಈ ಕೆಲಸ ಮಾಡುವವರು ಇದನ್ನು ಮರೆಯಬಾರದು.

ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ದ್ರಾವಣಕ್ಕೆ ವಾಷಿಂಗ್ ಸೋಡಾವನ್ನು ಚಮಚ ಚಮಚವಾಗಿ ಹಾಕಿ, ನೊರೆ ಉಕ್ಕುವುದು ನಿಲ್ಲುವವರೆಗೆ. ಒಂದೇ ಸಲ ಸುರಿದರೆ ಬಕೆಟ್ ತುಂಬಿ ಹೊರಚೆಲ್ಲುತ್ತದೆ. ಎರಡು ದಿನ ಬಿಟ್ಟರೆ ಕೆಸರು ತಳಕ್ಕೆ ಇಳಿಯುತ್ತದೆ. ನಿಂಬೆಹುಳಿ ಉಪ್ಪಿನ ದ್ರಾವಣದಲ್ಲಿ ತಾಮ್ರ ಪೂರ್ತಿ ಕೆಳಗಿಳಿಯದೆ ನೀರು ನೀಲಿಯಾಗಿಯೇ ಉಳಿಯಬಹುದು, ಅಂಥ ನೀರನ್ನು ಅಗಲ ಬಾಯಿಯ ತಟ್ಟೆಗೆ ಹಾಕಿ, ಮಕ್ಕಳು ದನಕರು ಸುಳಿಯದ ಕಡೆ ಬಿಸಿಲಿಗೆ ಇಟ್ಟು ಆರಿಸಿ. ಉಳಿದ ಕೆಸರನ್ನು ಡಬ್ಬಿಯಲ್ಲಿ ಮುಚ್ಚಿ, ಹೆಸರು ಬರೆದು, ಹಳೆಯ ಬ್ಯಾಟರಿ ಬಣ್ಣದ ಡಬ್ಬಿಗಳ ಜೊತೆ ಅಪಾಯಕಾರಿ ಕಸವಾಗಿಯೇ ಬೇರೆ ಕೊಡಿ.

ಕಡಗ ಬಗ್ಗಿದೆ, ಬಾಯಿ ಅಗಲವಾಗಿದೆ. ನಾವೇ ಸರಿಮಾಡಿಕೊಳ್ಳಬಹುದೇ?

ಒಂದೆರಡು ಸಲ ಮಾಡಿಕೊಳ್ಳಬಹುದು. ಹಾಕುವಾಗ ತೆಗೆಯುವಾಗ ಬಾಯಿಯನ್ನು ಹಿಗ್ಗಿಸುವುದೇ ಕಡಗ ಮುರಿಯಲು ಕಾರಣ. ಮಣಿಕಟ್ಟಿನ ಪಕ್ಕದಿಂದ, ಮೂಳೆಗಿಂತ ಸ್ವಲ್ಪ ಮೇಲಿನ ಮೆತ್ತನೆಯ ಜಾಗದಲ್ಲಿ ಒಂದು ತುದಿ ತೂರಿಸಿ ತಿರುಗಿಸಿದರೆ ಹಿಗ್ಗಿಸದೆಯೇ ಕೂರುತ್ತದೆ. ಬಗ್ಗಿದಾಗ ಇಕ್ಕಳ ಹಾಕಬೇಡಿ, ಹಲ್ಲಿನ ಗುರುತು ಬೀಳುತ್ತದೆ. ಬಟ್ಟೆ ಸುತ್ತಿದ ಪೈಪಿನ ಮೇಲೆ ಅಂಗೈಯಲ್ಲಿ ಒತ್ತಿ. ಬಗ್ಗಿಸಲು ಮೊದಲಿಗಿಂತ ಹೆಚ್ಚು ಬಲ ಬೇಕಾಯಿತು ಅಂದರೆ ಆ ಜಾಗ ಗಡುಸಾಗಿದೆ ಅಂತ ಅರ್ಥ, ಅಲ್ಲಿಗೆ ನಿಲ್ಲಿಸಿ ಮಾಡಿದವರ ಹತ್ತಿರ ತನ್ನಿ. ಒಮ್ಮೆ ಮಂಕು ಕೆಂಪಿಗೆ ಕಾಯಿಸಿ ಮತ್ತೆ ಬಡಿದರೆ ಹೊಸದರಷ್ಟೇ ಗಟ್ಟಿಯಾಗುತ್ತದೆ. ಕಲ್ಲು ಇದ್ದರೆ ಮೊದಲು ಬಿಚ್ಚಬೇಕಾಗುತ್ತದೆ, ಅದಕ್ಕೆ ಎರಡು ದಿನ ಜಾಸ್ತಿ ಹಿಡಿಯುತ್ತದೆ.